ಮೂರು ಸಲ ಬದಲಿಸಿದ ಸೀಲು

ವಡ್ಡು ಊರಿನಲ್ಲಿ ಮರುಳಸಿದ್ದಮ್ಮ ಒಂದು ಮಾತು ಆಡಿದಳೆಂದರೆ ಅದರ ಮೇಲೆ ಮೇಲ್ಮನವಿ ಇರಲಿಲ್ಲ. ಯಾರ ಮನೆಯ ಹಾಲಿಗೆ ನೀರು ಬಿದ್ದಿದೆ, ಯಾರ ಮಗಳಿಗೆ ಯಾವ ಊರಿನ ಗಂಡು ಹೊಂದುತ್ತದೆ, ಗಿರಣಿಯವನು ಜೋಳ ನುಣ್ಣಗೆ ಬೀಸಿದನೋ ತರಿತರಿಯಾಗಿ ಬೀಸಿದನೋ, ಎಲ್ಲಕ್ಕೂ ಅವಳ ಬಳಿ ತೀರ್ಪು ಸಿದ್ಧವಿರುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯೂ ಇರುತ್ತಿತ್ತು. ತೊಂದರೆ ಅಲ್ಲೇ ಇದ್ದದ್ದು. ಒಂಬತ್ತು ಸಲ ಸರಿ ಹೇಳಿದವರಿಗೆ ಹತ್ತನೆಯದೂ ಸರಿಯೆಂದೇ ಅನ್ನಿಸುತ್ತದೆ.

ಗಂಡ ಕೊಟ್ರಬಸಪ್ಪ ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಅವನು ಬಿಟ್ಟುಹೋದದ್ದು ನಾಲ್ಕು ಅಂಕಣದ ಮನೆ, ಎರಡು ಎಕರೆ ಬೆದ್ದಲು, ಹದಿನಾಲ್ಕು ವರ್ಷದ ಒಂದು ಹಳೇ ಲಾರಿ, ಇಬ್ಬರು ಗಂಡುಮಕ್ಕಳು. ದೊಡ್ಡವನು ವೀರೇಶ ಲಾರಿ ಓಡಿಸುತ್ತಿದ್ದ. ಚಿಕ್ಕವನು ಹಂಪೇಶ ಊರ ಹೊರಗಿನ ರಸ್ತೆಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಲಾರಿ ರಿಪೇರಿ ಮಾಡುತ್ತಿದ್ದ. 2005ರ ಆ ದಿನಗಳಲ್ಲಿ ಸಂಡೂರಿನ ಗುಡ್ಡಗಳಿಂದ ಅದಿರು ಇಳಿಯುತ್ತಿದ್ದ ರಭಸಕ್ಕೆ ನಡೆಯುವ ಯಾವ ಲಾರಿಗೂ ಬಿಡುವಿರಲಿಲ್ಲ, ಕೆಡುವ ಲಾರಿಗಳಿಗೆ ಲೆಕ್ಕವಿರಲಿಲ್ಲ. ಹಾಗಾಗಿ ಅಣ್ಣತಮ್ಮ ಇಬ್ಬರಿಗೂ ಕೈತುಂಬ ಕೆಲಸ. ಊರಿನ ಗೋಡೆ, ಬೇವಿನ ಎಲೆ, ಒಣಹಾಕಿದ ಸೀರೆ ಎಲ್ಲವೂ ಕೆಂಪಗಾಗಿದ್ದವು. ಮರುಳಸಿದ್ದಮ್ಮ ದಿನಕ್ಕೆ ಮೂರು ಸಲ ಕಸ ಹೊಡೆಯುತ್ತ, "ಈ ಧೂಳಿನಿಂದನ ನಮ್ಮ ಅನ್ನ, ಇದನ್ನ ಬೈಬಾರದು" ಎಂದು ಹೇಳುತ್ತಲೇ ಬೈಯುತ್ತಿದ್ದಳು.

ದೀಪಾವಳಿ ಮುಗಿದ ವಾರ, ಬೆಳಿಗ್ಗೆ ಅಂಗಳಕ್ಕೆ ನೀರು ಚಿಮುಕಿಸಲು ಬಂದವಳಿಗೆ ಲಾರಿಯ ಹಿಂಬದಿಯ ಅಡಿಯಲ್ಲಿ ಅಂಗೈಯಗಲದ ಕರಿ ಮಚ್ಚೆ ಕಂಡಿತು. ಬಗ್ಗಿ, ಬೆರಳಿಂದ ಮುಟ್ಟಿ ಮೂಸಿದಳು. ಮೂವತ್ತು ವರ್ಷ ಲಾರಿಯವನ ಜೊತೆ ಬಾಳಿದವಳು. ಇಂಜಿನ್ನಿನ ಎಣ್ಣೆ ಯಾವುದು, ಗೇರಿನ ಎಣ್ಣೆ ಯಾವುದು ಎಂದು ಅವಳ ಮೂಗಿಗೇ ಗೊತ್ತಿತ್ತು.

"ಹಂಪೇಶ, ಏಳೋ. ಡಿಫ್ರೆನ್ಸು ಸೋರಾಕತ್ತೈತಿ."

ಹಂಪೇಶ ಲುಂಗಿ ಬಿಗಿದುಕೊಂಡು ಬಂದು ಲಾರಿಯಡಿಗೆ ತೂರಿದ. ಡಿಫ್ರೆನ್ಷಲ್ ಎಂದರೆ ಹಿಂದಿನ ಗಾಲಿಗಳ ನಡುವೆ ಇರುವ ದೊಡ್ಡ ಕಬ್ಬಿಣದ ಬುರುಡೆ. ಇಂಜಿನ್ನಿನ ಬಲವನ್ನು ಉದ್ದನೆಯ ಶಾಫ್ಟು ಅಲ್ಲಿಗೆ ತಂದು ಮುಟ್ಟಿಸುತ್ತದೆ, ಬುರುಡೆಯೊಳಗಿನ ಗೇರುಗಳು ಅದನ್ನು ಎರಡೂ ಕಡೆಯ ಗಾಲಿಗಳಿಗೆ ಹಂಚುತ್ತವೆ. ಶಾಫ್ಟು ಸೇರುವ ಬಾಯಿಯಲ್ಲಿ ಒಂದು ರಬ್ಬರಿನ ಸೀಲು ಇರುತ್ತದೆ. ಒಳಗಿನ ಎಣ್ಣೆ ಹೊರಗೆ ಬಾರದಂತೆ ತಡೆಯುವುದಷ್ಟೇ ಅದರ ಕೆಲಸ.

"ಸೀಲು ಹೋಗೈತಿ," ಅಡಿಯಿಂದಲೇ ಹೇಳಿದ. "ಅರ್ಧ ದಿನದ ಕೆಲಸ."

"ಅರ್ಧ ದಿನ ಅಂದ್ರ ಎರಡು ಟ್ರಿಪ್ಪು," ಎಂದ ವೀರೇಶ, ಬಾಯಲ್ಲಿ ಬೇವಿನ ಕಡ್ಡಿ.

"ಎಣ್ಣಿ ಪೂರಾ ಇಳಿದು ಗೇರು ಸುಟ್ಟು ಹೋದ್ರ ಎರಡು ತಿಂಗಳು ಮನ್ಯಾಗ ಕುಂದರ್ತಿ. ಯಾವುದು ಬೇಕು ಆರಿಸ್ಕೊ."

ವೀರೇಶ ಕಡ್ಡಿ ಉಗುಳಿ ಒಳಗೆ ಹೋದ. ಅವನು ಒಪ್ಪಿದ ಎಂದು ಅದರ ಅರ್ಥ.

ಹಂಪೇಶ ಕೆಲಸ ಮಾಡುವುದನ್ನು ನೋಡುವುದೆಂದರೆ ತಾಯಿಗೆ ಒಳಗೊಳಗೇ ಹಿಗ್ಗು. ಅವನಿಗೆ ಆತುರವಿರಲಿಲ್ಲ. ಗಾಲಿಗಳಿಗೆ ಕಲ್ಲು ಕೊಟ್ಟು, ಶಾಫ್ಟಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ ಬಿಚ್ಚಿದ. ಪಾನಾ ಎನ್ನುವ ಸ್ಪ್ಯಾನರಿಗೆ ಮಾರುದ್ದದ ಪೈಪು ಸಿಕ್ಕಿಸಿ ನಡುವಿನ ದೊಡ್ಡ ನಟ್ಟನ್ನು ಸಡಿಲಿಸಿದ. ಹಳೆಯ ಸೀಲನ್ನು ಮೀಟಿ ತೆಗೆದು, ಬಾಯಿ ಒರೆಸಿ, ಹೊಸದರ ತುಟಿಗೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಒಂದೇ ಸಮನೆ ತಟ್ಟಿ ಕೂರಿಸಿದ. ಮಧ್ಯಾಹ್ನದ ರೊಟ್ಟಿ ಹೊತ್ತಿಗೆ ಲಾರಿ ಎದ್ದು ನಿಂತಿತು.

"ನಿಮ್ಮಪ್ಪನ ಕೈ," ಎಂದಳು ಮರುಳಸಿದ್ದಮ್ಮ. ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಎಂಟನೆಯ ದಿನ ಅಂಗಳದಲ್ಲಿ ಮತ್ತೆ ಮಚ್ಚೆ ಬಿತ್ತು.

ಅಂದಿನ ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ವೀರೇಶನ ಹೆಂಡತಿ ಗಂಗಾಂಬಿಕಾ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಕಡ್ಡಿರಾಂಪುರದ ಹುಡುಗಿ, ಮದುವೆಯಾಗಿ ಬಂದು ಏಳು ವರ್ಷ. ಅತ್ತೆಯ ಮಾತಿಗೆ ಎದುರಾಡುತ್ತಿರಲಿಲ್ಲ. ಆದರೆ ಹೇಳಬೇಕಾದದ್ದನ್ನು ರೊಟ್ಟಿ ತಟ್ಟುವ ಸದ್ದಿನಲ್ಲೇ ಹೇಳಬಲ್ಲವಳಾಗಿದ್ದಳು.

"ಎಂಟು ದಿನಕ್ಕ ಸೋರ್ತೈತಿ ಅಂದ್ರ ಅದು ಸೀಲಿನ ತಪ್ಪಲ್ಲ, ಕೈಯ ತಪ್ಪು," ಎಂದ ವೀರೇಶ.

"ಹತ್ತು ಟನ್ನು ಹೇರೋ ಲಾರಿಗೆ ಹದಿನಾರು ಹೇರತಿ," ಎಂದ ಹಂಪೇಶ. "ಗುಡ್ಡ ಹತ್ತಿಸಿ ಇಳಿಸಿ ಕಾಯಿಸಿ ಇಡತಿ. ರಬ್ಬರು ಎಷ್ಟಂತ ತಡೀತೈತಿ?"

"ಎಲ್ಲಾರೂ ಹೇರತಾರ. ಗಾದಿಲಿಂಗಪ್ಪನ ಲಾರಿ ನಮ್ಮದಕಿಂತ ಹಳೇದು. ಅದು ಸೋರ್ತೈತೇನು?"

"ಅದು ನನಗ ಗೊತ್ತಿಲ್ಲ. ಅಂವ ನನ್ನ ಹತ್ರ ಬರಂಗಿಲ್ಲ."

"ಯಾಕ ಬರಂಗಿಲ್ಲ, ಅದನ್ನೂ ವಿಚಾರ ಮಾಡು."

ಗಂಗಾಂಬಿಕಾಳ ರೊಟ್ಟಿಯ ಸದ್ದು ಜೋರಾಯಿತು. ಮರುಳಸಿದ್ದಮ್ಮ ಇಬ್ಬರ ತಟ್ಟೆಗೂ ಪಲ್ಯ ಹಾಕಿ, "ಉಣ್ಣೋ ಮುಂದ ಲಾರಿ ಮಾತು ಬ್ಯಾಡ" ಎಂದಳು. ಆ ಮನೆಯಲ್ಲಿ ಲಾರಿಯ ಮಾತು ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಹಾಗಾಗಿ ಎಲ್ಲರೂ ಸುಮ್ಮನೆ ಉಂಡರು.

ಹಂಪೇಶ ಮರುದಿನ ಬಸ್ಸು ಹತ್ತಿ ಹೊಸಪೇಟೆಗೆ ಹೋಗಿ, ಮೂರು ಅಂಗಡಿ ತಿರುಗಿ, ಇದ್ದುದರಲ್ಲಿ ಒಳ್ಳೆಯ ಸೀಲು ತಂದ. ಸೀಲಿನ ತುಟಿ ಉಜ್ಜುವ ಕಬ್ಬಿಣವನ್ನು ನುಣ್ಣನೆಯ ಉಪ್ಪುಕಾಗದದಿಂದ ಕನ್ನಡಿಯಾಗುವವರೆಗೆ ತಿಕ್ಕಿದ. ಒಂದು ದಿನ ಪೂರ್ತಿ ಹಿಡಿಯಿತು. ಈ ಸಲ ಆರೇ ದಿನಕ್ಕೆ ಸೋರಿತು.

ಆಗ ಮರುಳಸಿದ್ದಮ್ಮ ತೀರ್ಪು ಕೊಟ್ಟಳು. ಬೆಳಗಿನ ಮಂಡಕ್ಕಿ ಒಗ್ಗರಣೆ ಇನ್ನೂ ತಟ್ಟೆಯಲ್ಲಿತ್ತು.

"ಇನ್ನ ಮ್ಯಾಲೆ ನೀನು ಈ ಲಾರಿ ಮುಟ್ಟಬ್ಯಾಡ. ವೀರೇಶ, ನೀನು ಹೊಸಪೇಟಿಗೆ ಒಯ್ದು ದೊಡ್ಡ ಗ್ಯಾರೇಜಿನ್ಯಾಗ ತೋರಿಸು."

ಹಂಪೇಶ ತಾಯಿಯ ಮುಖ ನೋಡಿದ. "ಅವ್ವ, ಇನ್ನೊಂದು ಸಲ ನೋಡ್ತೀನಿ. ಎಲ್ಲೋ ಏನೋ ತಪ್ಪೈತಿ. ಸೀಲಿನದಲ್ಲ."

"ಎರಡು ಸಲ ನೋಡಿದಿ. ಸಾಕು."

ಅವನು ಎದ್ದು ಕೈತೊಳೆದ. ತಟ್ಟೆಯಲ್ಲಿ ಅರ್ಧ ಉಳಿದಿತ್ತು. ಅಂದಿನಿಂದ ಮಲಗಲು ಮಾತ್ರ ಮನೆಗೆ ಬಂದ. ಊಟಕ್ಕೆ ಬರಲಿಲ್ಲ. ಗಂಗಾಂಬಿಕಾ ಯಾರನ್ನೂ ಕೇಳದೆ ದಿನಾ ಮಧ್ಯಾಹ್ನ ಡಬ್ಬಿ ಕಟ್ಟಿ ಶೆಡ್ಡಿಗೆ ಕೊಟ್ಟು ಬರತೊಡಗಿದಳು.

ಮನೆಯ ತೀರ್ಪು ಮನೆಯಲ್ಲೇ ಉಳಿದಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ಆ ಗುರುವಾರ ಗಿರಣಿಯಲ್ಲಿ ಪಾಳಿ ಹಚ್ಚಿ ಕೂತಾಗ ಗಾದಿಲಿಂಗಪ್ಪನ ಹೆಂಡತಿ ಜಂಬವ್ವ ಪಕ್ಕಕ್ಕೆ ಸರಿದು ಕೇಳಿದಳು, "ನಿಮ್ಮ ಲಾರಿ ಇನ್ನಾ ಸೋರ್ತೈತಂತಲ್ಲ ಅಕ್ಕ? ಹಂಪೇಶ ನೋಡಲಿಲ್ಲೇನು?"

"ನೋಡಿದ. ಎರಡು ಸಲ ಬಿಚ್ಚಿದ," ಎಂದಳು ಮರುಳಸಿದ್ದಮ್ಮ ಜೋಳದ ಪುಟ್ಟಿ ಮುಂದಕ್ಕೆ ತಳ್ಳುತ್ತ. "ಅಂವಂಗ ಇನ್ನಾ ಕೈ ಕುದುರಿಲ್ಲವ್ವ. ಕಲೀಬೇಕು."

ಆಡಿದ್ದು ಇಷ್ಟೇ. ಆಡಿದವಳು ಬೇರೆ ಯಾರಾದರೂ ಆಗಿದ್ದರೆ ಗಿರಣಿಯ ಸದ್ದಿನಲ್ಲಿ ಅದು ಕಳೆದುಹೋಗುತ್ತಿತ್ತು. ಆದರೆ ಮೇಲ್ಮನವಿ ಇಲ್ಲದವಳ ಮಾತು. ಅದೂ ಹೆತ್ತ ತಾಯಿಯದು. ಸಂಜೆಯ ಹೊತ್ತಿಗೆ ಜಂಬವ್ವ ಗಂಡನಿಗೆ ಹೇಳಿದಳು. ಮರುದಿನ ಬೆಳಿಗ್ಗೆ ಲಾರಿ ತೂಗುವ ಕಾಟಾದ ಬಳಿ ಪಾಳಿಗೆ ನಿಂತ ನಲವತ್ತು ಡ್ರೈವರುಗಳಿಗೂ ಅದು ಗೊತ್ತಾಗಿತ್ತು. ತಾಯಿಯೇ ಹೀಗೆ ಅಂದಮೇಲೆ ಹೊರಗಿನವರು ಯಾಕೆ ನಂಬಬೇಕು? ವೀರೇಶನೂ ಚಹಾ ಕುಡಿಯುತ್ತ ಎರಡು ಮಾತು ಸೇರಿಸಿದ. ವಾರದೊಳಗೆ ಹಂಪೇಶನ ಶೆಡ್ಡಿನ ಮುಂದೆ ಲಾರಿಗಳು ನಿಲ್ಲುವುದು ನಿಂತಿತು. ಗೇರ್‌ಬಾಕ್ಸ್ ಬಿಚ್ಚಿಸಿ ಅಲ್ಲೇ ಬಿಟ್ಟಿದ್ದ ಒಬ್ಬನಂತೂ ಬಿಡಿಭಾಗಗಳನ್ನು ಗೋಣಿಚೀಲದಲ್ಲಿ ತುಂಬಿ, ತನ್ನ ಲಾರಿಯನ್ನು ಇನ್ನೊಂದು ಲಾರಿಗೆ ಕಟ್ಟಿಸಿ ಎಳೆದುಕೊಂಡು ಹೋದ.

ಡಿಸೆಂಬರ್ ನಡುವಿಗೆ ಗಂಗಾಂಬಿಕಾಳ ಅಣ್ಣನ ಮಗುವಿಗೆ ನಾಮಕರಣ ಬಂತು. ಅವಳು ಎರಡು ದಿನಕ್ಕೆ ಕಡ್ಡಿರಾಂಪುರಕ್ಕೆ ಹೋದಳು. ಹೋಗುವಾಗ ಬಾಗಿಲಲ್ಲಿ ನಿಂತು, "ಅತ್ತಿ, ಡಬ್ಬಿ ಒಯ್ಯೋದು ಮರೀಬ್ಯಾಡ್ರಿ" ಎಂದಷ್ಟೇ ಹೇಳಿದಳು. ಅದು ಅಪ್ಪಣೆಯೋ ಕೋರಿಕೆಯೋ ಎಂದು ಅತ್ತೆಗೆ ಗೊತ್ತಾಗಲಿಲ್ಲ. ಹಾಗಾಗಿ ಒಯ್ಯಬೇಕಾಯಿತು.

ಅವಳು ಡಬ್ಬಿ ಹಿಡಿದು ಶೆಡ್ಡಿಗೆ ಬಂದ ಹೊತ್ತಿಗೇ ಹೊರಗೆ ಹಾರನ್ ಕೇಳಿತು. ವೀರೇಶ. ಹೊಸಪೇಟೆಯ ದೊಡ್ಡ ಗ್ಯಾರೇಜಿನಲ್ಲಿ ನಾಲ್ಕು ದಿನದ ಪಾಳಿ ಇದೆಯೆಂದು ಅವನು ದಿನ ದೂಡುತ್ತ ಬಂದಿದ್ದ, ಕಡಿಮೆಯಾದಷ್ಟು ಎಣ್ಣೆ ತುಂಬುತ್ತ ಓಡಿಸುತ್ತಿದ್ದ. ಇಂದು ಗುಡ್ಡ ಇಳಿಯುವಾಗ ಹಿಂದಿನಿಂದ ಬಂದ ಲಾರಿಯವನು ಕೂಗಿ ನಿಲ್ಲಿಸಿದ್ದ. ಎಣ್ಣೆ ಸುರಿಯುತ್ತಿತ್ತು. ಹತ್ತಿರದ ಗ್ಯಾರೇಜೆಂದರೆ ತಮ್ಮನದೊಂದೇ.

"ಬ್ಯಾರೆ ಕಡೆ ಒಯ್ಯಾಕ ಆಗಂಗಿಲ್ಲ. ನೋಡು," ಎಂದ ವೀರೇಶ, ತಮ್ಮನ ಮುಖ ನೋಡದೆ. ತಾಯಿಯ ಮುಖವನ್ನೂ ನೋಡದೆ ರಸ್ತೆ ದಾಟಿ ಚಹಾದಂಗಡಿಗೆ ಹೋದ.

ಈ ಮೊದಲು ಎರಡೂ ಸಲ ಹಂಪೇಶ ಲಾರಿ ಬಿಚ್ಚಿದ್ದು ಬೆಳಗಿನ ಹೊತ್ತು, ರಾತ್ರಿಯೆಲ್ಲ ನಿಂತು ತಣ್ಣಗಾದ ಮೇಲೆ. ಇವತ್ತು ಬುರುಡೆ ಕೈ ಇಡಲಾಗದಷ್ಟು ಬಿಸಿಯಿತ್ತು. ಅವನು ಒದ್ದೆ ಗೋಣಿ ಸುತ್ತಿ, ಎಣ್ಣೆ ಅಳೆಯುವ ತೂತಿನ ಬಿರಡೆಯನ್ನು ಎರಡು ಸುತ್ತು ಸಡಿಲಿಸಿದ. ಒಳಗಿಂದ ಬುಸ್ಸೆಂದು ಗಾಳಿ ನುಗ್ಗಿತು. ಎಣ್ಣೆ ಸಿಡಿದು ಅವನ ಅಂಗಿಯ ಮೇಲೆ ಬಿತ್ತು. ಹಂಪೇಶ ಹಾಗೇ ಕೂತುಬಿಟ್ಟ.

"ಸುಟ್ಟಿತೇನೋ?" ಮರುಳಸಿದ್ದಮ್ಮ ಬಗ್ಗಿ ನೋಡಿದಳು.

"ಇಲ್ಲವ್ವ. ಒಳಗ ಗಾಳಿ ತುಂಬಿಕೊಂಡೈತಿ." ಅವನ ದನಿ ಬದಲಾಗಿತ್ತು. "ಬಿಸಿ ಆದ ಗಾಳಿಗೆ ಹೊರಗ ಹೋಗಾಕ ದಾರಿ ಇಲ್ಲ. ಅದಕ್ಕ ಎಣ್ಣೀನ ದೂಡೈತಿ. ಎಷ್ಟು ಸೀಲು ಹಾಕಿದ್ರೂ ಅಷ್ಟ."

ಬುರುಡೆಯ ನೆತ್ತಿಯ ಮೇಲೆ, ಆಕ್ಸೆಲ್ಲಿನ ಪಕ್ಕ, ಹೆಬ್ಬೆರಳ ತುದಿಯಷ್ಟು ಚಿಕ್ಕ ಟೊಪ್ಪಿಗೆಯಂಥದೊಂದು ಇರುತ್ತದೆ. ಬ್ರೀದರ್ ಎನ್ನುತ್ತಾರೆ. ಬಿಸಿಯಾದ ಗಾಳಿ ಹೊರಗೆ ಹೋಗುವುದು ಅದರಿಂದಲೇ. ಹಂಪೇಶ ಕೈಚಾಚಿ ಅದರ ಮೇಲಿನ ಕೆಂಪು ಧೂಳನ್ನೂ ಜಿಡ್ಡನ್ನೂ ಕೆರೆದ. ಆಮೇಲೆ ಸ್ಕ್ರೂಡ್ರೈವರಿನ ಮೂತಿ ಆನಿಸಿ ಮೀಟಿದ. ಟೊಪ್ಪಿಗೆಯ ಸುತ್ತ ಹೊಳೆಯುವ ಒಂದು ಸಿಪ್ಪೆ ಎದ್ದು ಬಂತು. ಬೆಳ್ಳಿ ಬಣ್ಣ. ಒಂದರ ಮೇಲೊಂದು ಮೂರು ಪದರ.

"ಏನದು?" ಎಂದಳು ಮರುಳಸಿದ್ದಮ್ಮ. ಕೇಳುವ ಮೊದಲೇ ಅವಳಿಗೆ ಗೊತ್ತಾಗಿತ್ತು.

ಹಂಪೇಶ ಸಿಪ್ಪೆಯನ್ನು ಮುಷ್ಟಿಯಲ್ಲಿ ಮುಚ್ಚಿದ. "ಏನಿಲ್ಲವ್ವ. ಧೂಳು."

ಧೂಳಲ್ಲ. ಆ ಬಣ್ಣ ಅವಳದೇ. ಪ್ರತಿ ವರ್ಷ ಆಯುಧ ಪೂಜೆಗೆ ಮೊದಲು ಲಾರಿಗೆ ಮೈತುಂಬ ಬಣ್ಣ ಹಚ್ಚುವುದು ಕೊಟ್ರಬಸಪ್ಪನ ಕೆಲಸವಾಗಿತ್ತು. ಹಿಂದಿನ ವರ್ಷದ ದಸರೆ ಸೂತಕದ ಮನೆಯಲ್ಲಿ ಹಾಗೇ ಕಳೆದಿತ್ತು. ಈ ಸಲ ಮರುಳಸಿದ್ದಮ್ಮ ತಾನೇ ಸೆರಗು ಸಿಕ್ಕಿಸಿ ಗೋಣಿ ಹಾಸಿ ಲಾರಿಯಡಿ ಮಲಗಿದಳು. ಗಂಡ ಸತ್ತವಳು ಆಯುಧ ಪೂಜೆಗೆ ಕೈ ಹಾಕಬಹುದೇ ಎಂದು ಓಣಿಯಲ್ಲಿ ಗುಸುಗುಸು ಎದ್ದಾಗ, "ನನ್ನ ಗಂಡನ ಲಾರಿ, ನನ್ನ ಕೈ. ನಿಮಗೇನು?" ಎಂದು ಬಾಯಿ ಮುಚ್ಚಿಸಿದ್ದಳು. ಬುರುಡೆಗೆ ಬೆಳ್ಳಿ ಬಣ್ಣ ಒಂದು ಸಲ ಸಾಲದೆಂದು ಮೂರು ಸಲ ಬಳಿದು, ಒಣಗಿದ ಮೇಲೆ ವಿಭೂತಿ ಎಳೆದಳು. ಲಾರಿ ಹೊಸ ಮದುಮಗಳ ಹಾಗೆ ಕಂಡಿತ್ತು. ಗಂಡ ಬಣ್ಣ ಹಚ್ಚುವಾಗ ಅಲ್ಲೇನೋ ಒಂದಕ್ಕೆ ಬಟ್ಟೆಯ ಚಿಂದಿ ಸುತ್ತುತ್ತಿದ್ದುದು ಅವಳಿಗೆ ಈಗ ನೆನಪಾಯಿತು. ಕೈ ಒರೆಸಿಕೊಳ್ಳಲು ಇಟ್ಟುಕೊಂಡಿದ್ದಾನೆ ಎಂದು ಅವಳು ತಿಳಿದಿದ್ದಳು.

ವೀರೇಶ ಚಹಾ ಮುಗಿಸಿ ಬಂದ. ಹಂಪೇಶ ಹೇಳಿದ, "ಬ್ರೀದರ್ ಕಟ್ಟಿತ್ತು. ಅದಿರಿನ ಧೂಳು. ಬಿಡಿಸೀನಿ. ಗಾಳಿಯ ಒತ್ತಡಕ್ಕ ಸೀಲಿನ ತುಟಿ ಹರಿದೈತಿ, ಹೊಸದು ಹಾಕ್ತೀನಿ. ಇನ್ನ ಸೋರಂಗಿಲ್ಲ."

"ಅದನ್ನ ಮೊದಲ ನೋಡೋದು ಮೇಸ್ತ್ರಿ ಕೆಲಸ ಅಲ್ಲೇನು? ಧೂಳು ಕಟ್ಟೈತಿ ಅಂತ ತಿಳಿಯಾಕ ಒಂದೂವರೆ ತಿಂಗಳು ಬೇಕಾತು."

"ಹೌದು. ನೋಡಬೇಕಾಗಿತ್ತು. ನೋಡಲಿಲ್ಲ."

ಮರುಳಸಿದ್ದಮ್ಮನ ನಾಲಗೆ ತುದಿಗೆ ಮಾತು ಬಂದಿತ್ತು. ಓಣಿಯ ಗುಸುಗುಸು ಕಿವಿಯಲ್ಲಿ ಕೇಳಿತು. ಗಂಡ ಸತ್ತಾಕಿ ಕೈ ಹಾಕಿದ್ದಕ್ಕ ಹಿಂಗಾತು ಎನ್ನುತ್ತಾರೆ ಎಂದುಕೊಂಡಳು. ಡಬ್ಬಿಯನ್ನು ಹಲಗೆಯ ಮೇಲಿಟ್ಟು ಮನೆಗೆ ನಡೆದಳು.

ಲಾರಿ ಸೋರುವುದು ನಿಂತಿತು. ಒಂದು ದಿನ, ಮೂರು ದಿನ, ವಾರ. ಬೆಳಿಗ್ಗೆ ಅಂಗಳ ಗುಡಿಸುವಾಗ ಅವಳು ಲಾರಿಯಡಿ ನೋಡುತ್ತಿದ್ದಳು. ನೆಲ ಒಣಗಿಯೇ ಇರುತ್ತಿತ್ತು. ವೀರೇಶ ಆ ಸುದ್ದಿಯನ್ನೇ ಎತ್ತಲಿಲ್ಲ. ಕೆಟ್ಟದ್ದನ್ನು ನಲವತ್ತು ಜನಕ್ಕೆ ಹೇಳಿದವನಿಗೆ ನೆಟ್ಟಗಾದದ್ದನ್ನು ಒಬ್ಬನಿಗೆ ಹೇಳಲೂ ಪುರುಸೊತ್ತಾಗಲಿಲ್ಲ. ಮರುಳಸಿದ್ದಮ್ಮನೂ ಸುಮ್ಮನಿದ್ದಳು. ಗಿರಣಿಗೆ ಹೋದರೆ ಮಾತಿಲ್ಲ, ಬಾವಿಕಟ್ಟೆಯಲ್ಲಿ ಮಾತಿಲ್ಲ. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಓಣಿಯವರು ಕಷಾಯ ಹೇಳಿಕೊಟ್ಟರು. ಅವಳು ಅದನ್ನು ಕುಡಿದಳು ಕೂಡ.

ಒಂದು ಮಧ್ಯಾಹ್ನ ಹಿತ್ತಲಲ್ಲಿ ಗಂಗಾಂಬಿಕಾ ಬಟ್ಟೆ ಒಗೆಯುತ್ತಿದ್ದಳು. ಅತ್ತೆ ಪಕ್ಕದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು.

"ಹಂಪೇಶ ಶೆಡ್ಡು ಮುಚ್ಚತಾನಂತ್ರಿ," ಎಂದಳು ಸೊಸೆ, ಬಟ್ಟೆ ಬಡಿಯುತ್ತಲೇ. "ನಾಳೆ ಮಧ್ಯಾಹ್ನ ಹೊಂಟಾನ. ಕಾರವಾರದ ಕಡೆ ಯಾವುದೋ ಬಂದರದ ಗ್ಯಾರೇಜಿನ್ಯಾಗ ಕೂಲಿ ಕೆಲಸ. ಪಾನಾ ತೊಳೆದು ಕೊಡೋದು, ಗಾಲಿ ಬಿಚ್ಚೋದು."

"ಯಾರು ಹೇಳಿದ್ರು?"

"ಅಂವನ ಹೇಳಿದ. ಮನ್ಯಾಗ ಹೇಳಬ್ಯಾಡ ಅಂದಿದ್ದ. ಹೇಳೀನಿ."

ಮರುಳಸಿದ್ದಮ್ಮ ತೊಟ್ಟು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಕಣ್ಣು ಉರಿಯುತ್ತಿತ್ತು. ಮೆಣಸಿನಕಾಯಿಯ ಮೇಲೆ ಹಾಕಲು ಅನುಕೂಲವಾಯಿತು.

ಗಂಗಾಂಬಿಕಾ ಕೈಲಿದ್ದ ಅಂಗಿಯನ್ನು ಹಿಂಡಿ ಅತ್ತೆಯ ಮುಂದೆ ಹರವಿದಳು. ಹಂಪೇಶನ ನೀಲಿ ಅಂಗಿ. ಎದೆಯ ಮೇಲೆ ಎಣ್ಣೆಯ ಕಲೆ, ಅದರೊಳಗೆ ಅಲ್ಲಲ್ಲಿ ಅಂಟಿದ ಹೊಳೆಯುವ ಚೂರು.

"ಮೂರು ಸಲ ಒಗದೀನಿ, ಹೋಗವಲ್ದು. ಅದಿರಿನ ಧೂಳು ಬೆಳ್ಳಿ ಬಣ್ಣ ಇರ್ತೈತೇನ್ರಿ ಅತ್ತಿ?"

ಅತ್ತೆ ಸೊಸೆಯನ್ನು ನೋಡಿದಳು.

"ನಿನಗ ಯಾವಾಗಿಂದ ಗೊತ್ತು?"

"ಕಡ್ಡಿರಾಂಪುರದಿಂದ ಬಂದ ದಿನದಿಂದ."

"ನಿನ್ನ ಗಂಡಗ ಹೇಳಿದ್ಯಾ?"

"ನಾನ್ಯಾಕ ಹೇಳಲಿ? ಬಣ್ಣ ಹಚ್ಚಿದಾಕಿ ನಾನಲ್ಲ."

ಗಂಗಾಂಬಿಕಾ ಅಂಗಿಯನ್ನು ಮತ್ತೆ ನೀರಿಗೆ ಹಾಕಿದಳು. ಆಮೇಲೆ ಮರುಳಸಿದ್ದಮ್ಮ, "ಸಂಜಿಗೆ ಇಬ್ಬರನ್ನೂ ಕುಂದ್ರಿಸಿ ಹೇಳ್ತೀನಿ" ಎಂದಳು.

"ಮನ್ಯಾಗ ಹೇಳಿದ್ರ ಏನಾಗ್ತೈತ್ರಿ? ಅಂವಂಗ ಕೈ ಕುದುರಿಲ್ಲ ಅಂತ ನೀವು ಮನ್ಯಾಗ ಹೇಳಿದ್ರೇನು? ಗಿರಣ್ಯಾಗ ಹೇಳಿದ್ರಿ."

ಬೇರೆ ದಿನವಾಗಿದ್ದರೆ ಈ ಮಾತಿಗೆ ಮನೆ ಹಾರಿಹೋಗುತ್ತಿತ್ತು. ಮರುಳಸಿದ್ದಮ್ಮ ಮೆಣಸಿನಕಾಯಿಯ ಮೊರ ಸೊಸೆಯ ಕಡೆ ದೂಡಿದಳು. ನಾಚಿಕೆಯಾಗಿತ್ತು ಅವಳಿಗೆ. ತನ್ನ ಬಾಯಿಂದ ಬಂದ ನಾಲ್ಕು ಮಾತಿಗೆ ಮಗನ ನಾಲ್ಕು ವರ್ಷದ ದುಡಿಮೆ ಹೋಗಿತ್ತು. ಅದು ಗೊತ್ತಿದ್ದೂ ಅವನು ತಾಯಿಯ ಹೆಸರು ಉಳಿಸಲು ಧೂಳು ಎಂದಿದ್ದ. ಅವಳು ಸುಮ್ಮನೆ ಡಬ್ಬಿ ಇಟ್ಟು ಬಂದಿದ್ದಳು.

"ಇವನ್ನ ನೀನ ಮುಗಿಸು," ಎಂದಳು. "ಬೀಜ ಚೆಲ್ಲಬ್ಯಾಡ."

ಮರುದಿನ ಬೆಳಿಗ್ಗೆ ಎಂಟಕ್ಕೆ ಮರುಳಸಿದ್ದಮ್ಮ ಇಳಕಲ್ ಸೀರೆಯುಟ್ಟು, ಹಣೆಗೆ ವಿಭೂತಿ ಹಚ್ಚಿ, ತಲೆಯ ಮೇಲೆ ಸೆರಗು ಹೊದ್ದು ಕಾಟಾದ ಕಡೆ ಹೊರಟಳು. ರಸ್ತೆಯುದ್ದಕ್ಕೂ ಲಾರಿಗಳ ಸಾಲು. ಡ್ರೈವರುಗಳೆಲ್ಲ ಕೊಟ್ರಯ್ಯನ ಚಹಾದಂಗಡಿಯ ಮುಂದೆ ಸೇರಿದ್ದರು. ಬೆಳಗಿನ ಜಾವ ನಾಲ್ಕಕ್ಕೇ ಬಂದು ಪಾಳಿ ಹಿಡಿದಿದ್ದ ವೀರೇಶನ ಲಾರಿ ಮುಂದಿನಿಂದ ಮೂರನೆಯದು.

"ಬಾ ದೊಡ್ಡವ್ವ, ಕುಂದ್ರಬೇ," ಎಂದು ಗಾದಿಲಿಂಗಪ್ಪ ಬೆಂಚಿನಲ್ಲಿ ಸರಿದು ಜಾಗ ಮಾಡಿದ.

"ಕುಂದ್ರಾಕ ಬಂದಿಲ್ಲ. ಹೇಳಾಕ ಬಂದೀನಿ. ಎಲ್ಲಾರೂ ಕೇಳ್ರಿ."

ಚಹಾದ ಲೋಟಗಳು ಬಾಯ ಹತ್ತಿರ ನಿಂತವು. ವೀರೇಶ ಓಡಿ ಬಂದ. "ಅವ್ವ, ಏನು ಬೇಕಿತ್ತು? ಮನಿಗೆ ನಡಿ."

"ನೀನೂ ನಿಂದ್ರು. ನೀನೂ ಕೇಳಬೇಕು." ಅವಳು ಸೆರಗು ಸರಿಮಾಡಿಕೊಂಡಳು. "ಹಂಪೇಶಂಗ ಕೈ ಕುದುರಿಲ್ಲ ಅಂತ ನಾನು ಗಿರಣ್ಯಾಗ ಅಂದೆ. ನೀವು ಅದನ್ನ ಇಲ್ಲಿ ಕುಂತು ಉಪ್ಪು ಖಾರ ಹಚ್ಚಿ ಹಂಚಿದ್ರಿ. ಅದು ಸುಳ್ಳು. ಅಂವನ ಕೈ ಸರಿ ಐತಿ. ಅಂವ ಹಾಕಿದ ಸೀಲೂ ಸರಿ ಇದ್ದುವು. ಡಿಫ್ರೆನ್ಸಿನ ಮ್ಯಾಲೆ ಗಾಳಿ ಹೋಗೋ ಟೊಪಿಗಿ ಇರ್ತೈತಲ್ಲ, ಅದನ್ನ ದಸರಾದಾಗ ಮೂರು ಸಲ ಬಣ್ಣ ಬಳಿದು ಮುಚ್ಚಿದಾಕಿ ನಾನು. ಒಳಗ ಗಾಳಿ ತುಂಬಿ ಎಣ್ಣಿ ಹೊರಗ ಬಂತು. ಅದನ್ನ ಕಂಡುಹಿಡಿದಾಂವ ಹಂಪೇಶ. ಕಂಡುಹಿಡಿದು, ನನ್ನ ಮಾನ ಹೋಗಬಾರದು ಅಂತ ಧೂಳು ಅಂದ."

ವೀರೇಶ ನೆಲ ನೋಡಿದ. "ನನಗ ಯಾಕ ಹೇಳಲಿಲ್ಲ?" ಎಂದ ಮೆಲ್ಲಗೆ.

"ಅಂಜಿದ್ದೆ. ಅದಕ್ಕ ಹೇಳಲಿಲ್ಲ."

ಮರುಳಸಿದ್ದಮ್ಮನ ಬಾಯಲ್ಲಿ ಅಂಜಿಕೆ ಎಂಬ ಪದ ಆ ಊರು ಕೇಳಿರಲಿಲ್ಲ. ಕೊಟ್ರಯ್ಯ ಚಹಾ ಸೋಸುತ್ತ, "ಅಲ್ಲಬೇ, ಆಯುಧ ಪೂಜಿ ಗಂಡಸರ ಕೆಲಸ. ಅದೂ ನೀನು ಇಂಥ ಹೊತ್ತಿನ್ಯಾಗ..." ಎಂದು ಎಳೆದ.

"ಗಂಡ ಸತ್ತಾಕಿ ಅಂತ ಬಾಯಿಬಿಟ್ಟು ಅನ್ನು, ಕೊಟ್ರಯ್ಯ. ಅದನ್ನ ಕೇಳೋದಾಗ್ತೈತಿ ಅಂತನ ಇಷ್ಟು ದಿನ ಬಾಯಿ ಮುಚ್ಚಿದ್ದೆ. ಈಗ ಕೇಳಿದೆ, ನಾನೇನು ಸತ್ತಿಲ್ಲ. ಬಣ್ಣ ಹಚ್ಚಿದ್ದು ತಪ್ಪಲ್ಲ. ಆ ಟೊಪಿಗಿಗೆ ಬಟ್ಟಿ ಸುತ್ತಲಿಲ್ಲ, ಅದು ತಪ್ಪು. ಮುಂದಿನ ವರ್ಷನೂ ನಾನ ಹಚ್ಚತೀನಿ. ಸುತ್ತಿ ಹಚ್ಚತೀನಿ."

ಗಾದಿಲಿಂಗಪ್ಪ ನಕ್ಕ. ನಗುತ್ತ ನಗುತ್ತ ಎದ್ದು ತನ್ನ ಲಾರಿಯಡಿ ತ್ರಾಸುಪಟ್ಟು ನುಸುಳಿದ. ಸ್ವಲ್ಪ ಹೊತ್ತು ಅವನ ಕಾಲುಗಳಷ್ಟೇ ಕಂಡವು. ಹೊರಗೆ ಬಂದಾಗ ನಗು ಕಡಿಮೆಯಾಗಿತ್ತು. "ನಂದೂ ಹಂಗ ಐತಿ," ಎಂದ. "ಹಸಿರು ಬಣ್ಣ. ತಿಂಗಳಿಂದ ಎಣ್ಣಿ ಕಡಿಮಿ ಆಗಾಕತ್ತಿತ್ತು. ಯಾರಿಗೂ ಹೇಳಿದ್ದಿಲ್ಲ." ಇನ್ನಿಬ್ಬರು ಲೋಟ ಇಟ್ಟು ತಮ್ಮ ಲಾರಿಗಳ ಕಡೆ ನಡೆದರು.

ಅಷ್ಟರಲ್ಲಿ ಕಾಟಾದ ಮನುಷ್ಯ ಸೀಟಿ ಊದಿದ. ಮುಂದಿನ ಎರಡು ಲಾರಿ ತೂಗಿ ಆಗಿತ್ತು. ವೀರೇಶನ ಪಾಳಿ. ಅವನು ಕ್ಯಾಬಿನ್ ಹತ್ತಿ ಇಂಜಿನ್ ಚಾಲೂ ಮಾಡಿದ. ಹಿಂದೆ ನಿಂತವರೂ ತಮ್ಮ ಲಾರಿ ಹತ್ತಿದರು. ವೀರೇಶನ ಲಾರಿ ಮುಂದಕ್ಕೆ ಹೋಗುವ ಬದಲು ಎಡಕ್ಕೆ ಹೊರಳಿ ಸಾಲಿನಿಂದ ಹೊರಬಿತ್ತು. ಅದಿರಿನ ಆ ದಿನಗಳಲ್ಲಿ ಕೈಗೆ ಬಂದ ಪಾಳಿಯನ್ನು ಯಾರೂ ಬಿಟ್ಟದ್ದಿರಲಿಲ್ಲ. ಹಿಂದಿನವನು ಏನಾಯಿತೆಂದು ತಿಳಿಯದೆ ಹಾರನ್ ಬಾರಿಸಿದ.

"ಹತ್ತವ್ವ," ಎಂದ ವೀರೇಶ ಬಾಗಿಲು ತೆರೆದು.

ಶೆಡ್ಡು ಅರ್ಧ ಮೈಲಿ. ಹಂಪೇಶ ಪಾನಾಗಳನ್ನು ಕಬ್ಬಿಣದ ಪೆಟ್ಟಿಗೆಗೆ ಜೋಡಿಸುತ್ತಿದ್ದ. ತುಂಬಿದ ಲಾರಿ ಬಂದು ನಿಂತದ್ದು ಕಂಡು, ಒಂದು ಪಾನಾ ಹಿಡಿದೇ ಎದ್ದು ಬಂದ. ಮೊದಲು ಲಾರಿಯಡಿ ನೋಡಿದ, ಆಮೇಲೆ ಅಣ್ಣನ ಮುಖ.

"ಮತ್ತ ಸೋರಾಕತ್ತೈತೇನು?"

"ಇಲ್ಲ," ಎಂದ ವೀರೇಶ ಕೆಳಗಿಳಿದು. "ಹದಿನೈದು ದಿನ ಆತು. ಒಂದು ಹನಿ ಸೋರಿಲ್ಲ. ಅದನ್ನ ಹೇಳಾಕ ಬಂದೆ."

ಹಂಪೇಶ ಕ್ಯಾಬಿನ್ನಿನಲ್ಲಿ ಕೂತ ತಾಯಿಯನ್ನು ನೋಡಿದ. ಅವಳು ಮುಖ ತಿರುಗಿಸಲಿಲ್ಲ. ಅಳುತ್ತಿದ್ದಳು, ಅದನ್ನು ಮುಚ್ಚಿಡಲೂ ಇಲ್ಲ.

"ಇಷ್ಟೊತ್ತಿಗೆ ನೀನು ಕಾಟಾದಾಗ ಇರಬೇಕಲ್ಲ," ಎಂದ ಹಂಪೇಶ. "ಪಾಳಿ?"

"ಬಿಟ್ಟು ಬಂದೆ. ಅವ್ವ ಅಲ್ಲಿ ಎಲ್ಲಾರ ಮುಂದ ಬಣ್ಣದ್ದು ಹೇಳಿದ್ಲು."

ಹಂಪೇಶ ಕೈಯಲ್ಲಿದ್ದ ಪಾನಾವನ್ನು ಪೆಟ್ಟಿಗೆಗೆ ಹಾಕಲಿಲ್ಲ.